ಆಳುದ್ದದ ನೂಲು

"ಎಳೀಬ್ಯಾಡ್ವೇ. ಉಣ್ಣೆ ಅದು, ಎಳೆದಷ್ಟೂ ಉದ್ದ ಆಗ್ತೈತೆ."

ಮೂರನೇ ನೂಲಿಗೆ ಟೇಪು ಹಿಡಿದಿದ್ದ ಗಂಗಲಕ್ಷ್ಮಿ ಕೈ ಸಡಿಲಿಸಿದಳು. ಮನೆಯ ನಡುತೊಲೆಯಿಂದ ಏಳು ಕರಿ ನೂಲುಗಳು ಸಾಲಾಗಿ ಇಳಿಬಿದ್ದಿದ್ದವು. ಅವ್ವ ತಿಪ್ಪೇರುದ್ರಮ್ಮ ಕಂಬಕ್ಕೆ ಒರಗಿ, ಕೂಸನ್ನು ಬೇರೆಯವರ ಕೈಗೆ ಕೊಟ್ಟ ಬಾಣಂತಿಯ ಹಾಗೆ ಮಗಳ ಬೆರಳನ್ನೇ ನೋಡುತ್ತಿದ್ದಳು. ಒಂಬತ್ತು ವರ್ಷದಿಂದ ಅವಳನ್ನು ಬಿಟ್ಟು ಇನ್ಯಾರೂ ಆ ನೂಲುಗಳನ್ನು ಮುಟ್ಟಿರಲಿಲ್ಲ.

ಅವು ಓಬಳೇಶನ ಎತ್ತರಗಳು. ಗಂಗಲಕ್ಷ್ಮಿಗಿಂತ ಮೊದಲು ಹುಟ್ಟಿದ ಎರಡು ಗಂಡುಕೂಸುಗಳು ಕಣ್ಣು ಬಿಡುವುದರೊಳಗೆ ಹೋಗಿದ್ದವು. ಅವಳ ಬೆನ್ನಿಗೆ ಓಬಳೇಶ ಹುಟ್ಟಿದಾಗ ತಿಪ್ಪೇರುದ್ರಮ್ಮ ಗೌರಸಮುದ್ರದ ಮಾರಮ್ಮನಿಗೆ ಒಂದು ಹರಕೆ ಹೊತ್ತಳು. ಪ್ರತಿ ವರ್ಷ ಕುರಿಯ ಉಣ್ಣೆ ಕತ್ತರಿಸುವಾಗ ಮೊದಲು ಬಂದ ಉಣ್ಣೆಯಲ್ಲಿ ಅವಳೇ ಒಂದು ನೂಲು ತೆಗೆಯಬೇಕು. ಮಗನನ್ನು ನಿಲ್ಲಿಸಿ, ನೆತ್ತಿಯಿಂದ ನೆಲದವರೆಗೆ ಅಳೆದು ಕತ್ತರಿಸಿ, ತೊಲೆಗೆ ಕಟ್ಟಬೇಕು. ಅವನು ಮದುವೆಯಾಗುವ ವರ್ಷ ಅಷ್ಟೂ ನೂಲನ್ನು ಸೇರಿಸಿ ಅಮ್ಮನಿಗೆ ಒಪ್ಪಿಸಬೇಕು. ಗಂಗಲಕ್ಷ್ಮಿಗೆ ಅಂಥ ಅಳತೆಯೇನೂ ಇರಲಿಲ್ಲ. ಹೆಣ್ಣು, ಹರಕೆಯಿಲ್ಲದೆಯೂ ಬೆಳೆಯುತ್ತದೆ ಎಂಬ ಧೈರ್ಯ ಆ ಹಟ್ಟಿಯಲ್ಲಿ ಎಲ್ಲರಿಗೂ ಇತ್ತು.

ಅವನ ಎರಡನೇ ವರ್ಷಕ್ಕೆ ಮೊದಲ ನೂಲು. ಎಂಟರದ್ದು ಕೊನೆಯದು. ಆ ಎಂಟನೇ ವರ್ಷವೇ ಅಪ್ಪ ಪಾಲಣ್ಣ ಮರಿ ಮಾರಲು ಗುಂತಕಲ್ಲಿಗೆ ಹೋಗುವಾಗ ಮಗನನ್ನೂ ಕರೆದುಕೊಂಡು ಹೋದ. ಹುಡುಗನಿಗೆ ರೈಲು ನೋಡುವ ಆಸೆ. ಪಾಲಣ್ಣ ಬೀಡಿ ಹಚ್ಚಿಕೊಂಡು ತಿರುಗುವುದರೊಳಗೆ ಒಂದು ರೈಲು ಹೊರಟಿತ್ತು, ಹುಡುಗ ಇರಲಿಲ್ಲ. ಆಮೇಲೆ ಪೊಲೀಸು, ಪೇಪರಿನಲ್ಲಿ ಫೋಟೋ, ಮೊಳಕಾಲ್ಮೂರಿನಲ್ಲಿ ದೇವರು ಹೇಳುವವಳು, ಎಲ್ಲ ಆಯಿತು. ಪಾಲಣ್ಣ ಬೀಡಿ ಬಿಟ್ಟ. ಮಾತನ್ನೂ ಹೆಚ್ಚುಕಡಿಮೆ ಬಿಟ್ಟ.

"ಅವ್ವ, ಇದೊಂದ್ಯಾಕೆ ಹಿಂಗೈತೆ?" ಗಂಗಲಕ್ಷ್ಮಿ ಐದನೇ ನೂಲನ್ನು ಬೆರಳಲ್ಲಿ ಹಿಡಿದು ಕೇಳಿದಳು. "ಅವ್ನ ಆರನೇ ವರ್ಷದ್ದು ಏಳರದ್ರಷ್ಟೇ ಉದ್ದ ಐತಲ್ಲ?"

ತಿಪ್ಪೇರುದ್ರಮ್ಮ ಹತ್ತಿರ ಬಂದು ನೋಡಿದಳು. ನೋಡುತ್ತ ನೋಡುತ್ತ ನಕ್ಕುಬಿಟ್ಟಳು. ಮಗಳು ಆ ನಗು ಕೇಳಿ ಎಷ್ಟೋ ಕಾಲವಾಗಿತ್ತು.

"ಕಳ್ಳ ನನ್ಮಗ! ಆ ವರ್ಷ ಹಿಮ್ಮಡಿ ಎತ್ತಿಬಿಟ್ಟಿದ್ದ. ನಾನು ಮೇಲ್ಗಡೆ ನೆತ್ತಿ ನೋಡ್ತಿದ್ದೆ. ಕೆಳಗೆ ತುದಿ ಹಿಡಿಯೋಕೆ ನಿನ್ನ ಕೂರಿಸಿದ್ದೆ, ನೀನೂ ಬಾಯಿ ಬಿಡ್ಲಿಲ್ಲ. ಕತ್ರಿಸಿ ಕಟ್ಟಿದ ಮ್ಯಾಲೆ ಇಬ್ರೂ ಸೇರಿ ಕಿಸಿಕಿಸಿ ನಕ್ಕಿದ್ದೇ ನಕ್ಕಿದ್ದು."

ಗಂಗಲಕ್ಷ್ಮಿಗೆ ಅದು ನೆನಪಿರಲಿಲ್ಲ. ಆದರೆ ಕಥೆ ಸಿಕ್ಕಿದ್ದು ಒಳ್ಳೆಯದಾಯಿತು. ಚಳ್ಳಕೆರೆ ಕಾಲೇಜಿನಲ್ಲಿ ಅವಳ ಬಿ.ಕಾಂ. ಕ್ಲಾಸಿಗೆ ಸಂಖ್ಯಾಶಾಸ್ತ್ರ ಹೇಳುವ ಸುಲೋಚನಮ್ಮ ಮೇಡಂ ಎಚ್ಚರಿಸಿದ್ದರು: "ಗ್ರಾಫಿನಲ್ಲಿ ಎಲ್ಲ ಚುಕ್ಕೆಗಳೂ ಒಂದು ದಾರಿ ಹಿಡಿದು, ಒಂದು ಮಾತ್ರ ದೂರ ನಿಂತರೆ ಅದಕ್ಕೇನೋ ಕಥೆ ಇರ್ತದೆ. ಒರೆಸೋದಕ್ಕೆ ಮುಂಚೆ ಕೇಳಿ." ಅವಳು ಕೇಳಿದಳು. ಆಮೇಲೆ ಒರೆಸಿದಳು. ತಪ್ಪು ಅಳತೆ ಅದು, ಲೆಕ್ಕಕ್ಕೆ ಬೇಡ.

ಮೇಡಂ ಹೇಳಿದ್ದು ಇಷ್ಟೇ: ನಿಮ್ಮ ಮನೆಯಲ್ಲಿ, ಊರಲ್ಲಿ, ಒಂದು ಏರಿದರೆ ಇನ್ನೊಂದು ಏರುವಂಥ ಎರಡು ಸಂಗತಿ ಹುಡುಕಿ ತನ್ನಿ, ಸಹಸಂಬಂಧ ಕಟ್ಟಿ ನೋಡೋಣ. ಹುಡುಗರು ಮಳೆಯನ್ನೂ ಶೇಂಗಾ ಇಳುವರಿಯನ್ನೂ ತಂದರು. ಒಬ್ಬ ತನ್ನ ಅತ್ತಿಗೆ ಮನೆಗೆ ಬಂದಮೇಲೆ ಸತ್ತ ಎಮ್ಮೆಗಳ ಲೆಕ್ಕ ತಂದಿದ್ದ. ಮೇಡಂ ಅವನನ್ನು ನಿಲ್ಲಿಸಿ, "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸಹಸಂಬಂಧ ಇರಬಹುದಪ್ಪ. ಹಾಗಂತ ಕಾಗೆ ಮೇಲೆ ಕೇಸು ಹಾಕಬೇಡ," ಎಂದಾಗ ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಆಮೇಲೆ ಬೋರ್ಡಿನ ತುಂಬ ಚುಕ್ಕೆ ಇಟ್ಟು, ಯಾವ ಚುಕ್ಕೆಗೂ ಹೆಚ್ಚು ಅನ್ಯಾಯವಾಗದ ಹಾಗೆ ನಡುವೆ ಒಂದು ಗೆರೆ ಎಳೆದರು. ರಿಗ್ರೆಶನ್ ಗೆರೆ. ವಯಸ್ಸು ಕೊಟ್ಟರೆ ಎತ್ತರ ಹೇಳುತ್ತದೆ, ಮಳೆ ಕೊಟ್ಟರೆ ಶೇಂಗಾ ಹೇಳುತ್ತದೆ.

ಗಂಗಲಕ್ಷ್ಮಿಗೆ ಮೈ ಜುಂ ಎಂದದ್ದು ಆಗಲೇ. ಆ ಗೆರೆಯನ್ನು ಅವಳು ತಿಳಿವು ಬಂದಾಗಿನಿಂದ ನೋಡುತ್ತಿದ್ದಳು. ಅವರ ಮನೆಯ ತೊಲೆಯಿಂದ ಇಳಿದ ನೂಲುಗಳ ಕೆಳತುದಿಗಳು ಅದೇ ಗೆರೆ, ತಲೆಕೆಳಗಾದದ್ದು. ಎಂಟಕ್ಕೆ ನಿಂತುಹೋದದ್ದು.

ಅವಳ ಮನಸ್ಸಿನಲ್ಲಿ ಬೇರೆಯೂ ಒಂದು ಇತ್ತು. ಮೂರು ವರ್ಷದ ಹಿಂದೆ ಒಬ್ಬ ಹುಡುಗ ನಾನೇ ಓಬಳೇಶ ಎಂದು ಬಂದಿದ್ದ. ಅವ್ವ ಅವನಿಗೆ ಎಣ್ಣೆ ನೀರು ಹಾಕಿ, ವಾರಗಟ್ಟಲೆ ತುಪ್ಪ ಮುದ್ದೆ ಉಣ್ಣಿಸಿದಳು. ಒಂದು ಬೆಳಗ್ಗೆ ಅವನೂ ಇಲ್ಲ, ಒಳ್ಳೆಯ ಟಗರೊಂದೂ ಇಲ್ಲ. ಟಗರು ಹೋಗಲಿ, ಅವ್ವ ಎರಡನೇ ಸಲ ಮಗನನ್ನು ಕಳೆದುಕೊಂಡ ಹಾಗೆ ಹಾಸಿಗೆ ಹಿಡಿದಳು. ಇನ್ನೊಮ್ಮೆ ಹಾಗಾದರೆ ಅವಳು ಏಳುವುದಿಲ್ಲ. ಗುರುತು ಹಿಡಿಯಲು ಮಚ್ಚೆಯಿಲ್ಲ. ಮೊಣಕಾಲಿನ ಗಾಯವಿತ್ತು, ಆದರೆ ಮೊಣಕಾಲು ಒಡೆದುಕೊಳ್ಳದ ಹುಡುಗ ಯಾವ ಹಟ್ಟಿಯಲ್ಲಿದ್ದಾನೆ? ಗುರುತಿಗೆ ಉಳಿದದ್ದು ಎತ್ತರ ಒಂದೇ.

"ಈಗ ಅವ್ನು ಎಷ್ಟು ಎತ್ರ ಇರ್ತಾನೆ ಅಂತ ನಿನ್ ಓದು ಹೇಳ್ತೈತಾ?" ತಿಪ್ಪೇರುದ್ರಮ್ಮ ಕೇಳಿದಳು.

"ಹೇಳ್ತೈತೆ ಅವ್ವ."

ಅವಳು ಇಳಿಹೊತ್ತಿನಲ್ಲಿ ಅಂಗಳದಲ್ಲಿ ಕೂತು ಲೆಕ್ಕ ಹಾಕಿದಳು. ಸಹಸಂಬಂಧ ಹೆಚ್ಚುಕಡಿಮೆ ಪೂರ್ತಿ ಒಂದು ಬಂತು, ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಇಷ್ಟು ಚೆಂದದ ಉತ್ತರ ಕ್ಲಾಸಿನಲ್ಲಿ ಯಾರಿಗೂ ಬಂದಿರಲಿಲ್ಲ. ಗೆರೆಯನ್ನು ಹದಿನೇಳರವರೆಗೆ ಎಳೆದಳು. ಐದಡಿ ಹತ್ತಿಂಚು ದಾಟಿತು. ಒಂದು ಗಳಿಗೆ ಅವಳಿಗೇ ಅನುಮಾನವಾಯಿತು. ಪಾಲಣ್ಣ ನೋಡಿದರೆ ಐದಡಿ ನಾಲ್ಕಿಂಚಿನ ಆಳು.

ಆದರೆ ತಿಪ್ಪೇರುದ್ರಮ್ಮನ ಮುಖ ಅರಳಿತು. "ನಮ್ಮಪ್ಪನೂ ಹಂಗೇ ಇದ್ದ ಕಣೇ! ಯಾವ ಬಾಗ್ಲಲ್ಲೂ ಬಗ್ಗದೆ ಬಂದೋನಲ್ಲ. ತಾತನ್ನ ಹೋಲ್ತಾನೆ ನನ್ ಕೂಸು."

ಅನುಮಾನ ಅಲ್ಲಿಗೆ ಮುಗಿಯಿತು. ಆ ವರ್ಷದ ಉಣ್ಣೆಯಲ್ಲಿ ತಿಪ್ಪೇರುದ್ರಮ್ಮ ಹೊಸ ನೂಲು ತೆಗೆದಳು, ಮಗಳು ಅಳೆದು ತೋರಿಸಿದ ಕಡೆ ಕತ್ತರಿಸಿದಳು. ಏಳು ನೂಲುಗಳ ಸಾಲಿನಿಂದ ಮಾರುದ್ದ ಜಾಗ ಬಿಟ್ಟು, ತೊಲೆಯ ಆ ಕೊನೆಯಲ್ಲಿ ಅದನ್ನು ಕಟ್ಟಿದಳು.

ಮನೆ ಬದಲಾದದ್ದು ಆಮೇಲೆ. ಅಲ್ಲಿಯವರೆಗೆ ಕಾಣೆಯಾದವನು ಎಂಟು ವರ್ಷದ ಹುಡುಗ. ನೆನಪು ಮಾಡಿಕೊಂಡರೆ ಸೊಂಟದ ಎತ್ತರದಲ್ಲಿ ಎಲ್ಲೋ ಒಂದು ಪುಟ್ಟ ತಲೆ ಸುಳಿದು ಹೋಗುತ್ತಿತ್ತು. ಈಗ ಎತ್ತರದ ಗಂಡಸೊಬ್ಬ ಮನೆಯೊಳಗೆ ಬಂದು ನಿಂತುಬಿಟ್ಟ. ತಿಪ್ಪೇರುದ್ರಮ್ಮ ಗಂಡನಿಗೆ ಹೇಳಿ ಬಾಗಿಲ ಮೇಲಿನ ಕಲ್ಲು ತೆಗೆಸಿ ಎತ್ತರ ಮಾಡಿಸಿದಳು. ಪಾಲಣ್ಣ ಯಾಕೆ ಎಂದೂ ಕೇಳದೆ ಕಲ್ಲು ತೆಗೆದ. ಚಳ್ಳಕೆರೆಯಿಂದ ಎಲ್ಲಕ್ಕಿಂತ ಉದ್ದನೆಯ ಕಂಬಳಿ ತರಿಸಿ, ಮಡಿಸಿ, ಮೂಲೆಯಲ್ಲಿಟ್ಟಳು. ದನಕುರಿ ಮನೆಗೆ ಬರುವ ಹೊತ್ತಿಗೆ ಹೊಸಿಲ ಬಳಿ ನಿಂತು, "ಮೆತ್ಗೆ ಬಾರೋ, ತಲೆ ಜ್ವಾಕೆ," ಎನ್ನುವುದು ಗಂಗಲಕ್ಷ್ಮಿಗೆ ಕೇಳಿಸುತ್ತಿತ್ತು. ಹೊರಗೆ ನೋಡಿದರೆ ಧೂಳು ಬಿಟ್ಟು ಯಾರೂ ಇರುತ್ತಿರಲಿಲ್ಲ.

ಗಂಗಲಕ್ಷ್ಮಿ ಒಬ್ಬಳೇ ಇರುವ ಮಧ್ಯಾಹ್ನ, ಗಾಳಿಯೇ ಇಲ್ಲದಾಗಲೂ ಆ ಉದ್ದನೆಯ ನೂಲು ಅಲುಗುತ್ತಿತ್ತು. ಉಳಿದ ಏಳು ಸುಮ್ಮನಿರುತ್ತಿದ್ದವು. ಅದರ ಪಕ್ಕದಲ್ಲಿ ಹಾದುಹೋಗುವಾಗ ಅವಳು ತನಗೆ ಗೊತ್ತಿಲ್ಲದೆ ಯಾರಿಗೋ ದಾರಿ ಬಿಡುವ ಹಾಗೆ ಓರೆಯಾಗುತ್ತಿದ್ದಳು. ಹೆದರಿಕೆಯಾಗುತ್ತಿತ್ತು. ಆ ಹೆದರಿಕೆಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ? ತಮ್ಮನನ್ನು ಅಷ್ಟೆತ್ತರ ಬೆಳೆಸಿದ್ದು ಅವಳ ಲೆಕ್ಕ.

ಶಿವರಾತ್ರಿಗೆ ಇನ್ನೂ ಎರಡು ದಿನ ಇದ್ದಾಗ ಮಾರುತೇಶ ಬಂದ. ಅವನು ಮೊಳಕಾಲ್ಮೂರಿನ ಕಡೆಯವನು, ತಿಪ್ಪೇರುದ್ರಮ್ಮನ ಅಣ್ಣನ ಮಗ, ಚಳ್ಳಕೆರೆಯಿಂದ ಶೇಂಗಾ ಎಣ್ಣೆ ಸಾಗಿಸುವ ಲಾರಿಯ ಡ್ರೈವರು. ಅವನ ಹಿಂದೆ ಒಬ್ಬ ಹುಡುಗ ಅಂಗಳದಲ್ಲಿ ನಿಂತಿದ್ದ. ಕಾಲರು ಹರಿದ ಷರಟು, ಎಣ್ಣೆ ಸಿಡಿದು ಕಪ್ಪಾದ ಮುಂಗೈ.

"ಅತ್ತೆ, ಅನಂತಪುರದ ರೋಡಲ್ಲಿ ಹೋಟ್ಲಲ್ಲಿ ಕೆಲ್ಸಕ್ಕವ್ನೆ ಇವ್ನು. ಸೀನು ಅಂತ ಕರೀತಾರೆ. ಸಣ್ಣೋನಿದ್ದಾಗ ರೈಲಲ್ಲಿ ಬಂದೆ ಅಂತಾನೆ. ನಾನೇನೂ ಹೇಳಲ್ಲ. ನೀವೇ ನೋಡ್ರಿ."

ತಿಪ್ಪೇರುದ್ರಮ್ಮ ಅವನ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಮೂಗು ಇರಬಹುದು. ಕಣ್ಣು ಇರಬಹುದು. ಆ ಸೀಮೆಯ ಬಿಸಿಲು ಎಲ್ಲರನ್ನೂ ಒಂದೇ ಹದಕ್ಕೆ ಸುಡುತ್ತದೆ.

"ಏನು ಗ್ಯಾಪ್ಕ ಐತಪ್ಪ ನಿಂಗೆ?"

"ಕುರಿ ಗುರ್ತು ಐತಮ್ಮ," ಹುಡುಗ ತೆಲುಗು ಬೆರೆಸಿ ತಡವರಿಸಿದ. "ಕುರಿ ವಾಸ್ನೆ. ರೈಲು. ಪೇರು ಗುರ್ತು ಲೇದು." ಹೆಸರು ನೆನಪಿಲ್ಲ ಎನ್ನುವಾಗ ಅವನು ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ.

ಪಾಲಣ್ಣ ಹಿತ್ತಲಿಂದ ಬಂದು ಅವನ ಪಕ್ಕದಲ್ಲಿ ನಿಂತ. ಇಬ್ಬರ ಭುಜವೂ ಒಂದೇ ಮಟ್ಟ. ಬಹಳ ದಿನದಿಂದ ಮಾತಾಡದ ಗಂಟಲು ಸರಿಮಾಡಿಕೊಂಡು, "ನನ್ನಷ್ಟೇ ಅವ್ನೆ ಕಣೇ," ಎಂದ. "ಇವ್ನೇ ಇರಬೌದು. ಇರ್ಲಿ ಬಿಡು."

"ನಿನ್ನಷ್ಟು ಇರೋರು ಸೀಮೇಲಿ ಸಾವ್ರ ಜನ ಅವ್ರೆ," ತಿಪ್ಪೇರುದ್ರಮ್ಮ ಅವನ ಕಡೆ ನೋಡಲೂ ಇಲ್ಲ. "ಕಳ್ಕಂಡೋನು ಮಾತಾಡ್ಬ್ಯಾಡ. ಗಂಗೀ, ಆ ನೂಲು ಬಿಚ್ಚು."

ಪಾಲಣ್ಣ ಗೋಡೆ ಕಡೆ ಸರಿದು ನಿಂತ.

ಹುಡುಗನನ್ನು ನಡುಮನೆಯಲ್ಲಿ ನಿಲ್ಲಿಸಿದರು. ಎತ್ತರಿಸಿದ ಬಾಗಿಲಲ್ಲಿ ಅವನು ಒಳಗೆ ಬಂದಾಗ ಅವನ ತಲೆಯ ಮೇಲೆ ಬೇಕಾದಷ್ಟು ಜಾಗ ಉಳಿದದ್ದನ್ನು ಗಂಗಲಕ್ಷ್ಮಿ ನೋಡಿದಳು. ಅವ್ವ ನೂಲಿನ ಮೇಲ್ತುದಿಯನ್ನು ಅವನ ನೆತ್ತಿಗೆ ಒತ್ತಿ ಹಿಡಿದಳು. ಕೆಳತುದಿ ಹಿಡಿಯಲು ಗಂಗಲಕ್ಷ್ಮಿ ನೆಲದ ಮೇಲೆ ಕೂತಳು.

ನೂಲು ನೆತ್ತಿಗೆ ತಾಕಿದ ಕೂಡಲೇ ಆ ಹುಡುಗನ ಹಿಮ್ಮಡಿಗಳು ನೆಲ ಬಿಟ್ಟು ಎದ್ದವು.

ಹೆಚ್ಚಲ್ಲ, ಎರಡು ಬೆರಳಷ್ಟು. ನೂಲು ಅವಳ ಬೆರಳ ಸಂದಿಯಲ್ಲಿ ಮೇಲಕ್ಕೆ ಜಾರಿತು. ಅವಳು ತಲೆಯೆತ್ತಿ ನೋಡಿದಳು. ಹುಡುಗ ಎದುರಿನ ಗೋಡೆಯನ್ನು ನೋಡುತ್ತಿದ್ದ, ತನ್ನ ಕಾಲು ಏನು ಮಾಡುತ್ತಿದೆ ಎಂಬ ಪರಿವೆಯೇ ಇಲ್ಲದವನ ಹಾಗೆ. ಅವಳ ಎದೆಯಲ್ಲಿ ಏನೋ ಒಂದು ಹೊರಳಿತು. ಅದು ಮಾತಾಗುವುದರೊಳಗೆ ಟಗರು ಕದ್ದವನು ನೆನಪಾದ. ಅವನೂ ಹೀಗೇ ಅವ್ವನಿಗೆ ಬೇಕಾದಂತೆಲ್ಲ ಆಗಿದ್ದ. ಇವನು ನೂಲಿಗೆ ಸರಿಯಾಗಲು ನೋಡುತ್ತಿದ್ದಾನೆ. ಅವಳ ಅಂಗೈ ಮುಂದೆ ಹೋಗಿ ಆ ಹಿಮ್ಮಡಿಯನ್ನು ನೆಲಕ್ಕೆ ಒತ್ತಿತು.

ಹಿಮ್ಮಡಿ ಬಿರುಕುಬಿಟ್ಟಿತ್ತು, ಬಿಸಿಯಾಗಿತ್ತು. ಅವನು ತಡೆಯಲಿಲ್ಲ. ನೂಲು ನೆಲಕ್ಕೆ ಬಂದು, ಮುಟ್ಟಿ, ಇನ್ನೂ ಮಿಕ್ಕಿತು. ಗೇಣಿಗೆ ಚೂರು ಕಡಿಮೆ.

"ಎಷ್ಟೈತೆ?" ಮೇಲಿನಿಂದ ಅವ್ವನ ದನಿ.

"ಮಿಕ್ತೈತೆ ಅವ್ವ."

ತಿಪ್ಪೇರುದ್ರಮ್ಮ ನೂಲು ಸುತ್ತಿಕೊಂಡಳು. "ಇವ್ನಲ್ಲ," ಎಂದಳು. ಆಮೇಲೆ, "ಬಂದೋನು ಉಂಡ್ಕಂಡು ಹೋಗ್ಲಿ," ಎಂದಳು. ಹುಡುಗ ಜಗುಲಿಯಲ್ಲಿ ಕೂತು ಮುದ್ದೆ ಉಂಡ, ತಾನೇ ತಟ್ಟೆ ತೊಳೆದಿಟ್ಟ. ಹೋಗುವಾಗ ತೊಲೆಯ ಏಳು ನೂಲುಗಳನ್ನು ಒಂದು ಸಲ ನೋಡಿದ. ಪಾಲಣ್ಣ ಲಾರಿಯವರೆಗೂ ಹಿಂದೆ ಹೋಗಿ, ಲಾರಿ ಹೋದ ಮೇಲೂ ಅಲ್ಲೇ ನಿಂತಿದ್ದ.

ಹಬ್ಬದ ರಜೆ ಮುಗಿದು ಕಾಲೇಜು ತೆರೆದ ಮೊದಲ ದಿನವೇ ಮೇಡಂ ಗಂಗಲಕ್ಷ್ಮಿ ಬರೆದುಕೊಟ್ಟಿದ್ದ ಉತ್ತರವನ್ನು ಬೋರ್ಡಿನ ಮೇಲೆ ಹಾಕಿದರು. ಅವಳು 'ಒಬ್ಬ ಹುಡುಗ' ಎಂದಷ್ಟೇ ಬರೆದಿದ್ದಳು.

"ಎಷ್ಟು ಚೆನ್ನಾಗಿ ಕೂತಿದೆ ನೋಡಿ ಗೆರೆ. ಈಗ ಇದೇ ಗೆರೆಯನ್ನ ಮುಂದಕ್ಕೆ ಎಳೀರಿ. ಅರವತ್ತಕ್ಕೆ ಈ ಹುಡುಗ ಎಷ್ಟೆತ್ತರ ಆಗ್ತಾನೆ? ಹದಿನೈದು ಅಡಿ! ಪಾಪ, ಬಸ್ಸಿನ ಮೇಲೆ ಕೂತು ಓಡಾಡಬೇಕು." ಕ್ಲಾಸು ನಕ್ಕಿತು. "ಚುಕ್ಕೆಗಳು ಎಲ್ಲಿವರೆಗಿವೆಯೋ ಅಲ್ಲಿವರೆಗೆ ಮಾತ್ರ ಗೆರೆಯ ಮಾತು. ಅದರಾಚೆ ಎಳೆದರೆ ಅದು ಲೆಕ್ಕ ಅಲ್ಲ, ನಮ್ಮ ಆಸೆ."

ಗಂಗಲಕ್ಷ್ಮಿ ಎದ್ದು ನಿಂತಳು. "ಮೇಡಂ, ಅರವತ್ತಲ್ಲ. ಹದಿನೇಳಕ್ಕೆ?"

"ಹದಿನೇಳಕ್ಕೂ ನಂಬೋ ಹಾಗಿಲ್ಲಮ್ಮ. ಗಂಡುಹುಡುಗರು ಒಂದೊಂದು ವರ್ಷ ಒಂದೊಂದು ಥರ ಬೆಳೀತಾರೆ, ಆಮೇಲೆ ನಿಂತುಬಿಡ್ತಾರೆ. ಅದಕ್ಕಿಂತ ಅವರಪ್ಪ ಎಷ್ಟೆತ್ತರ ಇದಾನೆ ಅಂತ ನೋಡೋದು ವಾಸಿ."

ಎರಡು ಭುಜಗಳು ಒಂದೇ ಮಟ್ಟದಲ್ಲಿ ಅವಳ ಕಣ್ಣಮುಂದೆ ಬಂದು ನಿಂತವು. ಅಂಗೈ ಉರಿಯತೊಡಗಿತು. ಒರೆಸಿ ಹಾಕಿದ ಆ ಒಂದು ಚುಕ್ಕೆ, ಗೆರೆ ಬಿಟ್ಟು ಮೇಲೆ ನಿಂತ ಆ ಆರನೇ ವರ್ಷ, ಸೀನು ಕಾಲಲ್ಲಿ ಅದನ್ನೇ ಅಲ್ಲವೇ ತಂದು ತೋರಿಸಿದ್ದು? ಅವತ್ತು ಸಣ್ಣವಳಾಗಿದ್ದಾಗ ಅವಳು ತಮ್ಮನ ಗುಟ್ಟು ಕಾಪಾಡಿದ್ದಳು. ಓದಿ ಬುದ್ಧಿ ಬಂದ ಮೇಲೆ ಅದೇ ಕೈಯಲ್ಲಿ ಆ ಹಿಮ್ಮಡಿಯನ್ನು ಒತ್ತಿ ಹಿಡಿದಿದ್ದಳು.

ಬೆಲ್ಲು ಹೊಡೆಯುವ ಮೊದಲೇ ಅವಳು ಮಾರುತೇಶನನ್ನು ಹುಡುಕಿಕೊಂಡು ಎಣ್ಣೆ ಮಿಲ್ಲುಗಳ ಬೀದಿಗೆ ಓಡಿದಳು. ಮಾರುತೇಶ ಮುಂದಿನ ಟ್ರಿಪ್ಪಿನಲ್ಲಿ ಆ ಹೋಟೆಲಿಗೆ ಹೋಗಿ ಬಂದ. ಸೀನು ಇರಲಿಲ್ಲ. ಹಟ್ಟಿಯಿಂದ ವಾಪಸು ಬಂದ ವಾರದಲ್ಲೇ ಯಾವುದೋ ಲಾರಿ ಹತ್ತಿ ಹೋಗಿದ್ದ. ಸೊಲ್ಲಾಪುರವೋ, ಹೈದರಾಬಾದೋ, ಮಾಲೀಕನಿಗೂ ಗೊತ್ತಿಲ್ಲ. "ಇವ್ನು ಅವ್ನೇ ಅಂತ ನಾನೂ ಹೇಳಲ್ಲ, ಅಲ್ಲ ಅಂತನೂ ಹೇಳಲ್ಲ ಗಂಗಿ," ಎಂದ ಮಾರುತೇಶ. "ಸುಮ್ನೆ ಮನ್ಸಿಗೆ ಹಚ್ಕೋಬ್ಯಾಡ."

ಅವಳು ಅವ್ವನಿಗೆ ಹೇಳಲಿಲ್ಲ. ಹೇಗೆ ಹೇಳುವುದು? ಇವನಲ್ಲ ಎಂದು ತಿಳಿದ ಅವ್ವ ಉಣ್ಣುತ್ತಿದ್ದಳು, ಕುರಿ ಕಾಯುತ್ತಿದ್ದಳು, ಸಂಜೆ ಹೊಸಿಲಲ್ಲಿ ನಿಂತು ಎತ್ತರದ ಮಗನಿಗೆ ತಲೆ ಜೋಕೆ ಎನ್ನುತ್ತಿದ್ದಳು. ಆದರೆ ಗಂಗಲಕ್ಷ್ಮಿಯ ಪಾಲಿಗೆ ಆ ಎತ್ತರದವನು ಹೊರಟುಹೋಗಿದ್ದ. ಈಗ ಅವಳ ಹಿಂದೆ ಬರುತ್ತಿದ್ದದ್ದು ತಟ್ಟೆ ತೊಳೆದಿಟ್ಟು ಹೋದವನು. ಬಸ್ಸಿನಲ್ಲಿ, ಸಂತೆಯಲ್ಲಿ, ಕುರಿದೊಡ್ಡಿಯಲ್ಲಿ, ಎಲ್ಲೇ ಇದ್ದರೂ ಅವಳ ಕಣ್ಣು ಜನರ ಮುಖಕ್ಕೆ ಹೋಗದೆ ಕಾಲಿಗೆ ಹೋಗುತ್ತಿತ್ತು.

ಮತ್ತೆ ಉಣ್ಣೆ ಕತ್ತರಿಸುವ ಕಾಲ ಬಂತು. ಹಟ್ಟಿಯ ತುಂಬ ಬೋಳು ಕುರಿಗಳು ನಾಚಿಕೊಂಡು ನಿಂತಿದ್ದವು. ತಿಪ್ಪೇರುದ್ರಮ್ಮ ಮೊದಲ ಉಣ್ಣೆಯಲ್ಲಿ ನೂಲು ತೆಗೆದು, ಕತ್ತರಿ ಹಿಡಿದು, ಒರಳುಕಲ್ಲಿನ ಮೇಲೆ ಹತ್ತಿ ನಿಂತಳು.

"ಹದ್ನೆಂಟು ತುಂಬ್ತು ಅವ್ನಿಗೆ. ಎಷ್ಟಾಯ್ತೋ ಲೆಕ್ಕ ಹಾಕಿದ್ಯಾ? ಎಲ್ಲಿಗೆ ಕತ್ರಿಸ್ಲಿ, ತೋರ್ಸು."

ಗಂಗಲಕ್ಷ್ಮಿ ನೆಲದ ಮೇಲೆ ಕೂತು ಕೆಳತುದಿ ಹಿಡಿದಳು. ಇಳಿಬಿದ್ದ ನೂಲಿನ ಮೇಲೆ ಇನ್ನೊಂದು ಕೈಯ ಬೆರಳು ಏರುತ್ತ ಹೋಯಿತು, ಅವಳೂ ಜೊತೆಗೆ ಎದ್ದು ನಿಂತಳು. ಪಾಲಣ್ಣನ ನೆತ್ತಿ ಬರುವ ಜಾಗದಲ್ಲಿ ಬೆರಳು ನಿಂತಿತು. ಅಲ್ಲಿಂದ ಅದು ಮೇಲೆ ಹೋಗಲಿಲ್ಲ.

"ಇಲ್ಲಿಗೆ."

"ಇಷ್ಟೇನಾ? ಹೋದ್ ವರ್ಷಕ್ಕಿಂತ ಗಿಡ್ಡ ಆಗ್ತೈತಲ್ಲೇ. ಬೆಳೆಯೋ ಹುಡ್ಗ ಯಾರಾದ್ರೂ..." ತಿಪ್ಪೇರುದ್ರಮ್ಮ ಮಗಳ ಮುಖ ನೋಡಿ ಮಾತು ನಿಲ್ಲಿಸಿದಳು. ಕತ್ತರಿ ಬಾಯಿ ತೆರೆದುಕೊಂಡೇ ಇತ್ತು.

"ನನ್ ಲೆಕ್ಕ ತಪ್ಪು ಅವ್ವ," ಗಂಗಲಕ್ಷ್ಮಿ ಅಂದಳು. "ಅವತ್ತು... ನೂಲು ನೆತ್ತಿಗೆ ಮುಟ್ಟಿದ ತಕ್ಷಣ ಅವ್ನು ಹಿಮ್ಮಡಿ ಎತ್ತಿದ್ದ. ನಾನೇ ಒತ್ತಿ ಊರಿಸ್ದೆ."

ಹೊರಗೆ ಮರಿಯೊಂದು ತಾಯಿಯ ಗುರುತು ಸಿಗದೆ ಅರಚುತ್ತಿತ್ತು. ಪಾಲಣ್ಣ ಬಾಗಿಲಲ್ಲಿ ಬಂದು ನಿಂತಿದ್ದ. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ತಿಪ್ಪೇರುದ್ರಮ್ಮ ಒರಳುಕಲ್ಲಿನಿಂದ ಇಳಿದಳು. ಕತ್ತರಿಯನ್ನು ಬದಿಗಿಟ್ಟಳು. ಆ ಹುಡುಗ ನಿಂತಿದ್ದ ಕಡೆ ಕುಕ್ಕರುಗಾಲಲ್ಲಿ ಕೂತು, ನೆಲದ ಮೇಲೆ ಅಂಗೈ ಅಂಗಾತ ಇಟ್ಟು, ಅದನ್ನು ಎರಡು ಬೆರಳಷ್ಟು ಮೇಲಕ್ಕೆತ್ತಿದಳು. ಬಹಳ ಹೊತ್ತು ಹಾಗೇ ಹಿಡಿದಿದ್ದಳು.